ಖಾಲಿ ತೂಕ

ರಾತ್ರಿ ಎರಡಕ್ಕೆ, ಗಂಗಾವತಿಯ ಈ ಕಾಟಾದ ಕೋಣೆಯಲ್ಲಿ
ಎರಡು ಪರದೆಗಳು ನನಗೆ.
ಒಂದರಲ್ಲಿ ಕೆಂಪು ಅಂಕಿ, ಲಾರಿ ಏರಿದಾಗ ಎದ್ದು ಕುಣಿದು
ನಿಧಾನ ನಿಲ್ಲುತ್ತದೆ.
ಇನ್ನೊಂದರಲ್ಲಿ ಆಕಾಶ:
ಮಾಲೀಕರ ಮಗ ಬಿಟ್ಟುಕೊಟ್ಟ ಹಳೇ ಕಂಪ್ಯೂಟರು,
ಭತ್ತದ ಧೂಳು ಕುಡಿದು ಕೆಮ್ಮುವ ಫ್ಯಾನು,
ಅದರೊಳಗೆ ನನ್ನದೊಂದು ಸರಕು ಹಡಗು.
ಹೆಸರು ಹೊನ್ನೂರಿ. ಅದಿರು ಹೊರುತ್ತೇನೆ
ಉಂಗುರದ ಗ್ರಹದಿಂದ ನೀಲಿ ಗ್ರಹಕ್ಕೆ, ಸುಳ್ಳು ಬಾಡಿಗೆಗೆ.

ಅವು ಬರುವುದು ನಡುದಾರಿಯಲ್ಲಿ.
ಮೊದಲು ಎಂಜಿನ್ನು ಸುಮ್ಮನಾಗುತ್ತದೆ.
ದೀಪ ಒಂದೊಂದೇ ಆರುತ್ತವೆ.
ಆಮೇಲೆ ಬಾಯ್ಬಿಟ್ಟ ತೊಗರಿಕಾಯಿಯಂಥದೊಂದು
ಎದುರಿಗೆ ಬಂದು ನಿಂತು
ಮೂಗಿನಿಂದ ಬಾಲದವರೆಗೆ ನನ್ನ ಮೇಲೆ ಹಳದಿ ಬೆಳಕು ಹರಿಸಿ
ಹೊರಟುಹೋಗುತ್ತದೆ.
ಸುಡುವುದಿಲ್ಲ. ಕಸಿಯುವುದಿಲ್ಲ. ಮಾತಿಲ್ಲ.

ಯಾಕೆ?

ರಾಜಾಭಕ್ಷಿ ಗೊಬ್ಬರದಂಗಡಿಯಿಂದ ಆಡುತ್ತಾನೆ; ಅವನ ಪ್ರಕಾರ
ಅವು ಚೆಕ್‌ಪೋಸ್ಟಿನವು. "ಒಂದಿನ ಕೈ ಚಾಚ್ತಾವ ನೋಡು,
ಸದ್ಯಕ್ಕ ಯಾರು ಎಷ್ಟು ಕೊಡಬಲ್ಲರು ಅಂತ ಬರ್ಕೊಳ್ಳಾಕತ್ತಾವ."
ಶಕ್ತಿನಗರದ ಶಂಶಾದ್‌ಳನ್ನು ನಾನು ನೋಡಿಲ್ಲ, ದನಿ ಮಾತ್ರ ಗೊತ್ತು,
ಅದರ ಹಿಂದೆ ಸ್ಥಾವರದ ಗುಂಯ್ ಗೊತ್ತು.
ಅವಳೆನ್ನುತ್ತಾಳೆ: ಅವು ಕುರುಡು. ಬೆಳಕಲ್ಲ ಅದು, ಬೆರಳು.
ಕತ್ತಲಲ್ಲಿ ಗೋಡೆ ಹಿಡಿದು ನಡೆವವರು
ನಮ್ಮನ್ನೂ ತಡವಿ ಮುಂದೆ ಹೋಗುತ್ತಾರೆ,
ಬಾಗಿಲಲ್ಲ ಎಂದು ತಿಳಿದ ಮೇಲೆ.

ಹಮಾಲಿ ಯಮನೂರಪ್ಪ ಆಟ ಆಡುವವನಲ್ಲ. ಚಹಾಕ್ಕೆ ಬಂದವನು
ಹೆಗಲ ಮೇಲಿಂದ ಬಗ್ಗಿ ನೋಡಿದ:
"ಹಿರೇಬೆಣಕಲ್ ಗುಡ್ಡದಾಗ ಮೋರ್ಯಾರ ಮನಿ ಅದಾವಲ್ಲ,
ಕಲ್ಲು ನಿಲ್ಲಿಸಿ, ಮ್ಯಾಲೊಂದು ಚಪ್ಪಡಿ,
ಎದುರಿಗೆ ತಲಿ ತೂರುವಷ್ಟು ದುಂಡನ ತೂತು.
ಅಷ್ಟು ಸಣ್ಣ ಮಂದಿ ಇದ್ರಂತ, ನಮ್ಮಜ್ಜಿ ಹೇಳ್ತಿದ್ಲು. ಓದಿದವರು ಗೋರಿ ಅಂತಾರ.
ಕೇಳಾಕ ಅವರೇ ಇಲ್ಲ.
ಕುರಿ ಹೊಡ್ಕೊಂಡು ಹೋದಾಗ ನಾವು ಆ ತೂತಿನಾಗ ಕೈ ಹಾಕಿ
ಸುಮ್ನ ತಗೊಂಡು ಬರ್ತಿದ್ವಿ.
ಯಾಕಂದ್ರ ನನಗೂ ಗೊತ್ತಿಲ್ಲ."
ಚಹಾ ಮುಗಿಸಿ ಹೋದ.

ನನಗೆ ಹೊಳೆದದ್ದು ಸುಗ್ಗಿಯಲ್ಲಿ, ಕಾರಟಗಿಯ ಮಿಲ್ಲಿಗೆ ಹೊರಟ
ಸೋನಾಮಸೂರಿ ಲಾರಿ ತೂಗಲು ನಿಂತಾಗ.
ಎಂಜಿನ್ ಬಂದ್, ದೀಪ ಬಂದ್, ಏನೂ ಅಲುಗಬಾರದು.
ಗಾಲಿಗಳೆಲ್ಲ ಒಳಗಿವೆಯೇ ನೋಡಲು
ಮೂಗಿನಿಂದ ಬಾಲದವರೆಗೆ ಟಾರ್ಚು ಹರಿಸಿದೆ.
ಕಣ್ಣು ಕುಕ್ಕಿ ಕ್ಲೀನರ್ ಹುಡುಗ ಮುಖ ಮುಚ್ಚಿಕೊಂಡ.
ಅರೆ,
ತೂಗುತ್ತಿವೆ!

ಡೈರಿ ತಿರುವಿ ನೋಡಿದೆ. ತುಂಬಿ ಹೋಗುವಾಗ ಒಮ್ಮೆ,
ಖಾಲಿ ಬರುವಾಗ ಒಮ್ಮೆ. ಹದಿನೇಳು ಸಲ, ಒಂದೂ ತಪ್ಪಿಲ್ಲ.
ರಾಜಾಭಕ್ಷಿ ನಕ್ಕ: "ಕೊಡಲಿ ಹಿಡಿದವಗ ಕಾಣೋದೆಲ್ಲ ಕಟಗಿ."
ಶಂಶಾದ್ ನಗಲಿಲ್ಲ. ಕೇಳಿದಳು:
ಚೀಟಿ ಯಾರಿಗೆ ಕೊಡುತ್ತವೆ ಮತ್ತೆ?
ನಾನೂ ಯಾವ ಲಾರಿಯನ್ನೂ ಕೇಳಿದವನಲ್ಲ
ಯಾರ ಭತ್ತ, ಯಾರ ಹೊಟ್ಟೆಗೆ ಎಂದು.

ನಿನ್ನೆ ಮತ್ತೆ ಬಂತು, ಅದಿರು ಇಳಿಸಿ ಮರಳುವಾಗ.
ಖಾಲಿ ತೂಕಕ್ಕೆ ಡ್ರೈವರ್ ಇಳಿಯಬೇಕು, ನಮ್ಮಲ್ಲಿ ಅದು ನೇಮ;
ಒಳಗೇ ಕೂತರೆ ಯಾರದೋ ಅರವತ್ತು ಕಿಲೋ ಭತ್ತ
ಲೆಕ್ಕದಲ್ಲಿ ಮಾಯ.
ಬಾಗಿಲಿನ ಗುಂಡಿ ಒತ್ತಿದೆ. ನನ್ನ ಬೊಂಬೆ ಮನುಷ್ಯ
ಕತ್ತಲಿಗಿಳಿದು ತೇಲಿದ.
ಬೆಳಕು ಹಡಗಿನ ಮೇಲೆ ಹರಿದು ಮುಗಿಯಿತು.
ಹೋಗಲಿಲ್ಲ.
ತಿರುಗಿ, ಅವನ ಮೇಲೆ ಬಂದು ನಿಂತಿತು, ಅರ್ಧ ನಿಮಿಷ.
ಅರವತ್ತು ಕಿಲೋದಲ್ಲಿ ಅಷ್ಟು ಹೊತ್ತು ನೋಡಲು ಏನಿತ್ತೋ.

ಹೊರಗೆ ಹಾರ್ನು. ಆಂಧ್ರದ ನಂಬರಿನ ಲಾರಿ.
ಡ್ರೈವರ್ ಆಗಲೇ ಇಳಿದು ಪಕ್ಕಕ್ಕೆ ನಿಂತಿದ್ದ,
ಹಚ್ಚದ ಬೀಡಿ ತುಟಿಯಲ್ಲಿ.
ಗಾಲಿಗಳ ಮೇಲೆ ಟಾರ್ಚು ಹರಿಸಿ ಮುಗಿಸಿದವನು
ಯಾಕೋ ಅವನತ್ತ ತಿರುಗಿಸಿ
ಸ್ವಲ್ಪ ಹೊತ್ತು ಹಿಡಿದೆ.
"ಏಮಣ್ಣಾ?" ಅಂದ.
ಏನಿಲ್ಲ ಅಂದೆ.